ಉಸ್ಸಪ್ಪನ ಆಸ್ತಿ

ಪುಟ್ಟ ಹುಡುಗಿಯಾಗಿದ್ದಾಗ ಕೈಗೆ ಸಿಕ್ಕಿದ್ದರ ಮೇಲೆಲ್ಲ ಗೀಚುತ್ತಿದ್ದಳೆಂದು ಅವಳಿಗೆ ಗೀಚಮ್ಮ ಅಂತ ಹೆಸರಿಟ್ಟವಳು ಅವಳ ಸೋದರತ್ತೆ, ಅಂದರೆ ಅಪ್ಪನ ಅಕ್ಕ. ಗೋಡೆ, ನೆಲ, ಅತ್ತೆ ಹೊಲಿಯಲು ತಂದಿಟ್ಟ ಶಾಲೆ ಸಮವಸ್ತ್ರದ ಬಟ್ಟೆ, ಯಾವುದನ್ನೂ ಬಿಟ್ಟವಳಲ್ಲ. ಈಗ ನಗರಸಭೆಯ ರಸ್ತೆ ವಿಭಾಗದಲ್ಲಿ ನಕ್ಷೆ ಬರೆಯುವ ಕೆಲಸ ಅವಳದು. "ಗೀಚೋಕೂ ಸಂಬಳ ಕೊಡ್ತಾರಲ್ಲ, ಪುಣ್ಯಾತ್ಮರು" ಅಂತ ಅತ್ತೆ ಇವತ್ತಿಗೂ ನಗುತ್ತಾಳೆ. ಅಪ್ಪ ಅಮ್ಮ ಬೇಗ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ತುಳಿದು ಇವಳನ್ನು ದೊಡ್ಡವಳನ್ನಾಗಿ ಮಾಡಿದವಳೂ ಅವಳೇ. ಹಾಗೆ ತುಳಿದೇ ಮಂಡಿ ಎರಡೂ ಸವೆದುಹೋದವು.

ಗೀಚಮ್ಮನಿಗೆ ಒಂದೇ ಆಸೆ. ನಗರ ಯೋಜನೆಯಲ್ಲಿ ಸ್ನಾತಕೋತ್ತರ ಪದವಿ ಓದಬೇಕು. ರಸ್ತೆ ಎಲ್ಲಿ ಹೋಗಬೇಕು ಅಂತ ಇನ್ಯಾರೋ ಹೇಳುತ್ತಾರೆ, ಇವಳು ತೆಪ್ಪಗೆ ಗೆರೆ ಎಳೆಯುತ್ತಾಳೆ. ಎಷ್ಟು ದಿನ ಅಂತ? ಹೋದ ವರ್ಷ ಅರ್ಜಿ ಹಾಕಿದ್ದಳು. ಸುಸ್ಥಿರ, ಸಮಗ್ರ, ಸರ್ವತೋಮುಖ ಅಂತ ಇರೋ ಬರೋ ದೊಡ್ಡ ಮಾತೆಲ್ಲ ತುರುಕಿ ಪ್ರಬಂಧ ಬರೆದಳು. ಓದಿದವರಿಗೆ ಆಕಳಿಕೆ ಬಂದಿರಬೇಕು, ಸಂದರ್ಶನಕ್ಕೂ ಕರೆಯಲಿಲ್ಲ. ಓದಲು ರಜೆ ಕೊಡುವುದಾದರೆ ಈ ವರ್ಷ ಮಾತ್ರ, ಮುಂದೆ ಕೇಳಲೇಬೇಡ ಅಂತ ಮೇಲಧಿಕಾರಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದರು. ಈ ಸಲ ತಪ್ಪಿದರೆ ಮುಗಿಯಿತು.

ಈ ಸಲ ಕಾಲೇಜಿನವರು ನಕ್ಷೆಯನ್ನೂ ಕೇಳಿದ್ದರು. ನಿಮಗೆ ಚೆನ್ನಾಗಿ ಗೊತ್ತಿರುವ ಬೀದಿಯೊಂದನ್ನು ಬರೆಯಿರಿ, ಅದನ್ನು ಹೇಗೆ ಸುಧಾರಿಸುತ್ತೀರಿ ತೋರಿಸಿ ಅಂತ. ಅದೇನು ಮಹಾ! ಮನೆಯಿಂದ ಆಸ್ಪತ್ರೆಗೆ ಹೋಗುವ ಬೀದಿಯಲ್ಲಿ ಅತ್ತೆಯನ್ನು ಮಂಡಿನೋವಿನ ಔಷಧಿಗೆ ಕರೆದುಕೊಂಡು ಹೋಗಿ ಹೋಗಿ ಇವಳಿಗೆ ಅಲ್ಲಿನ ಕಲ್ಲು ಕಲ್ಲೂ ಗೊತ್ತು. ಊಟ ತಿಂಡಿ ಮರೆತು ಬರೆದಳು. ಬಸ್ ನಿಲ್ದಾಣ, ದೀಪದ ಕಂಬ, ನಲ್ಲಿ, ಮರ, ಉಸ್ಸಪ್ಪ, ಒಂದೊಂದಕ್ಕೂ ಒಂದೊಂದು ಗುರುತು. ಅದರ ಮೇಲೆ ಕೆಂಪು ಗೆರೆಯಲ್ಲಿ ಅಗಲವಾದ, ನೆಟ್ಟಗಿನ, ಕಣ್ಣಿಗೆ ಹಬ್ಬದಂಥ ಹೊಸ ಕಾಲುದಾರಿ. ಕಳಿಸಿಯೂ ಆಯಿತು, ಸಂದರ್ಶನಕ್ಕೆ ಕರೆಯೂ ಬಂತು.

ಕರೆ ಬಂದ ಮಾರನೇ ದಿನ ಅತ್ತೆ ಕಾಲರಿಗೆ ಅಳತೆ ಕತ್ತರಿಸಿಕೊಳ್ಳಲು ಹಳೇ ಕಾಗದ ಹುಡುಕುತ್ತಿದ್ದವಳು ಆ ನಕ್ಷೆಯ ಪ್ರತಿಯನ್ನೇ ಎತ್ತಿಕೊಂಡಳು. ಕತ್ತರಿ ಇಡುವ ಮೊದಲು ಕನ್ನಡಕ ಏರಿಸಿ ನೋಡಿ, "ಅಯ್ಯೋ ನನ್ನ ಕರ್ಮವೇ! ಉಸ್ಸಪ್ಪ ಅಂತ ಬರೆದಿದ್ದೀಯಲ್ಲೇ!" ಅಂದಳು.

"ಮತ್ತೆ? ಬೀದಿಲಿ ಏನೇನಿದೆಯೋ ಎಲ್ಲಾ ಬರೀಬೇಕು ಅತ್ತೆ."

"ಲೇ ಪೆದ್ದಿ, ಅದು ಬೀದಿಲಿರೋದಲ್ಲ. ನಮ್ಮನೆ ಬಾಯಲ್ಲಿರೋದು."

ಗೀಚಮ್ಮ ನಕ್ಷೆ ಕಿತ್ತುಕೊಂಡು ನೋಡಿದಳು. ನಿಜವಲ್ಲವೇ! ಆಗ ಇವಳಿನ್ನೂ ಕಂಕುಳ ಕೂಸು. ಒಂದು ಕೈಯಲ್ಲಿ ಇವಳು, ಇನ್ನೊಂದರಲ್ಲಿ ಬಟ್ಟೆಗಂಟು, ಅತ್ತೆ ಆ ಬೀದಿಯಲ್ಲಿ ನಡೆಯುವಾಗ ಅಲ್ಲಲ್ಲಿ ಕೂತು "ಉಸ್ಸಪ್ಪಾ!" ಅನ್ನುತ್ತಿದ್ದಳು. ಕೂರುವ ಜಾಗದ ಹೆಸರೇ ಅದು ಅಂದುಕೊಂಡ ಕೂಸು ದಾರಿಯುದ್ದಕ್ಕೂ "ಅತ್ತೆ, ಉಸ್ಸಪ್ಪ ಬಂತಾ? ಉಸ್ಸಪ್ಪ ಬಂತಾ?" ಅಂತ ಪ್ರಾಣ ತಿನ್ನುತ್ತಿತ್ತು. ಅವತ್ತಿನಿಂದ ಮನೆಯಲ್ಲಿ ಅದೇ ಮಾತು. ಅಂಗಡಿ ಮೆಟ್ಟಿಲು ಮೊದಲನೇ ಉಸ್ಸಪ್ಪ, ಮರದ ಕಟ್ಟೆ ಎರಡನೆಯದು, ಮೋರಿಯ ಗೋಡೆ ಮೂರನೆಯದು, ಆಸ್ಪತ್ರೆ ಗೇಟಿನ ಪಕ್ಕದ ಜಗಲಿ ಕೊನೆಯದು. ಲೋಕವೆಲ್ಲ ಹಾಗೇ ಅನ್ನುತ್ತದೇನೋ ಎಂಬಂತೆ ಕೈ ತಾನಾಗಿ ಬರೆದುಬಿಟ್ಟಿತ್ತು.

"ಮಾನ ಹೋಯ್ತು ಅತ್ತೆ" ಅಂತ ಗೀಚಮ್ಮ ತಲೆ ಮೇಲೆ ಕೈ ಹೊತ್ತು ಕೂತಳು.

"ಬಿಡೇ, ಅಷ್ಟು ಸಣ್ಣ ಅಕ್ಷರ ಯಾರು ಓದ್ತಾರೆ" ಅಂತ ಅತ್ತೆ ಸಮಾಧಾನ ಹೇಳಿದಳು. ಸಂದರ್ಶನಕ್ಕೆ ನಾನೂ ಬರುತ್ತೇನೆ ಅಂತ ಹಟ ಹಿಡಿದು ಹೊರಟೂ ಬಿಟ್ಟಳು.

ಕಾಲೇಜು ಗುಡ್ಡದ ಮೇಲಿತ್ತು. ಗೇಟಿನಿಂದ ಮೇಲಿನವರೆಗೆ ಬರೀ ಏರು, ಕೂರಲು ಒಂದು ಕಲ್ಲೂ ಇಲ್ಲ. ಅಬ್ಬಾ, ಆ ಮಂಡಿ ಇಟ್ಟುಕೊಂಡು ಹೇಗೆ ಹತ್ತಿದಳೋ! ಇವಳಿಗೆ ತಡವಾದೀತೆಂದು ಅತ್ತೆ ಉಸಿರೆತ್ತಲಿಲ್ಲ. ಕೈಲಿದ್ದ ಉತ್ತರಗಳನ್ನು ಉರು ಹೊಡೆಯುತ್ತಿದ್ದ ಇವಳು ಅದನ್ನು ಗಮನಿಸಲೂ ಇಲ್ಲ.

ಒಳಗೆ ಮೂವರಿದ್ದರು. ನಡುವೆ ಕೂತ ದಪ್ಪ ಮೀಸೆಯ ಮುಖ್ಯಸ್ಥರು ನಕ್ಷೆಯ ಮೇಲೆ ಬೆರಳಾಡಿಸಿ, "ಏನಮ್ಮಾ, ಈ ಉಸ್ಸಪ್ಪ ಅನ್ನೋರು ಯಾರು? ಬೀದಿ ಉದ್ದಕ್ಕೂ ಆಸ್ತಿ ಮಾಡಿದ್ದಾರಲ್ಲ. ಭಾರಿ ಕುಳ ಇರಬೇಕು!" ಅಂದರು.

ಕೈತಪ್ಪಿನಿಂದ ಆದದ್ದು, ಕ್ಷಮಿಸಿ ಅಂತ ಹೇಳಬೇಕೆಂದು ಗೀಚಮ್ಮ ಕನ್ನಡಿ ಮುಂದೆ ನಿಂತು ಕಲಿತಿದ್ದಳು. ಆದರೆ ಬೀದಿಗಿಷ್ಟು ಕಟ್ಟೆ ಕಟ್ಟಿಸಿಕೊಂಡ ಉಸ್ಸಪ್ಪ ಸಾಹುಕಾರರು ಕಣ್ಣ ಮುಂದೆ ಬಂದು ನಿಂತರೆ ಏನು ಮಾಡುವುದು? ಕಿಸಕ್ಕನೆ ನಕ್ಕೇಬಿಟ್ಟಳು. ನಕ್ಕ ಮೇಲೆ ಮುಚ್ಚಿಡುವುದೇನು, ಅತ್ತೆ, ಬಟ್ಟೆಗಂಟು, ಕಂಕುಳ ಕೂಸು, ಎಲ್ಲ ಹೇಳಿದಳು. ಮೀಸೆಯೂ ನಕ್ಕಿತು.

ಆದರೆ ಪಕ್ಕದಲ್ಲಿದ್ದ ಅಧ್ಯಾಪಕಿ ನಗಲಿಲ್ಲ. ನಕ್ಷೆಯನ್ನು ಇವಳ ಕಡೆ ತಿರುಗಿಸಿ ಮೆಲ್ಲಗೆ ಕೇಳಿದರು. "ನಿಮ್ಮ ಕೆಂಪು ಗೆರೆ ಸ್ವಲ್ಪ ನೋಡಿ. ದಾರಿ ಹೀಗೆ ನೆಟ್ಟಗೆ ಆದ ಮೇಲೆ ನಿಮ್ಮತ್ತೆ ಎಲ್ಲಿ ಕೂತ್ಕೋತಾರೆ?"

ಗೀಚಮ್ಮ ನೋಡಿದಳು. ಕೆಂಪು ಗೆರೆ ಅಂಗಡಿ ಮೆಟ್ಟಿಲಿನ ಮೇಲೆ ಹಾದಿತ್ತು. ಮರದ ಕಟ್ಟೆಯ ಮೇಲೆ, ಮೋರಿಯ ಗೋಡೆಯ ಮೇಲೆ ಹಾದಿತ್ತು. ಉಳಿದದ್ದು ಆಸ್ಪತ್ರೆ ಜಗಲಿ ಒಂದೇ, ಅಲ್ಲಿಯವರೆಗೆ ಅತ್ತೆ ತಲುಪಿದರೆ ತಾನೆ? ಸಾಕಿದವಳು ಕೂರುವ ಜಾಗವನ್ನೆಲ್ಲ ತಾನೇ ಕೈಯಾರೆ ಒಡೆದು, ಅದಕ್ಕೆ ಸುಧಾರಣೆ ಅಂತ ಹೆಸರಿಟ್ಟು ಕಳಿಸಿದ್ದಳು.

"ಎಲ್ಲೂ ಇಲ್ಲ ಮೇಡಂ. ಎಲ್ಲಾ ನಾನೇ ಒಡೆದು ಹಾಕಿದೀನಿ" ಅಂದಳು. ಆಮೇಲೆ ಕೈ ಚಾಚಿ, "ಆ ಪೆನ್ಸಿಲ್ ಕೊಡ್ತೀರಾ?" ಅಂತ ಕೇಳಿದಳು.

ಕೆಂಪು ಗೆರೆ ಹೊಡೆದುಹಾಕಿ, ಮೆಟ್ಟಿಲು ಬಳಸಿ, ಮರ ಬಳಸಿ, ಮೋರಿಯ ಗೋಡೆ ಬಳಸಿ ಬೇರೆ ಗೆರೆ ಎಳೆದಳು.

"ಸೊಟ್ಟಗಾಯ್ತಲ್ಲಮ್ಮಾ" ಅಂದರು ಮುಖ್ಯಸ್ಥರು.

"ಆಗಲಿ ಸಾರ್. ದಾರಿ ಸೊಟ್ಟಗಾದ್ರೂ ಪರವಾಗಿಲ್ಲ. ನಮ್ಮತ್ತೆ ಸೊಟ್ಟಗಾಗೋದು ಬೇಡ."

ಮುಖ್ಯಸ್ಥರು ನಕ್ಷೆ ಎತ್ತಿಟ್ಟರು. ನೀವಿನ್ನು ಹೊರಡಬಹುದು ಅಂದರು.

ಹೊರಗೆ ಅತ್ತೆ ಕಂಬಕ್ಕೆ ಒರಗಿ ನಿಂತೇ ಇದ್ದಳು. ಇವಳ ಮುಖ ನೋಡಿದ್ದೇ, "ಏನಾಯ್ತೇ? ಬೈದ್ರಾ?" ಅಂತ ಗಾಬರಿಯಾದಳು.

"ನಿನ್ನ ಉಸ್ಸಪ್ಪ ಎಲ್ಲಾ ಒಡೆದು ಹಾಕಿದ್ದೆ ಅತ್ತೆ, ನಂಗೇ ಗೊತ್ತಾಗಲಿಲ್ಲ" ಅಂತ ಗೀಚಮ್ಮ ಅವಳ ಹೆಗಲ ಮೇಲೆ ತಲೆಯಿಟ್ಟು ಗಳಗಳ ಅತ್ತಳು.

"ಕಾಗದದ ಮೇಲೆ ತಾನೆ? ಅಳಬೇಡ, ಬೀದಿಲಿ ಗಟ್ಟಿಯಾಗೇ ಇವೆ." ಅತ್ತೆ ಸೆರಗಿನಿಂದ ಅವಳ ಮೂಗು ಒರೆಸಿದಳು. "ಇಲ್ಲಿ ನೋಡು, ಊರು ಕಟ್ಟೋದು ಕಲಿಸ್ತಾರಂತೆ, ಒಂದೇ ಒಂದು ಉಸ್ಸಪ್ಪ ಕಟ್ಟಿಲ್ಲ. ನೀನು ಸೇರಿದ ಮೇಲೆ ಮೊದಲು ಅದನ್ನ ಮಾಡಿಸು."

ಇಳಿಯುವಾಗ ಗೀಚಮ್ಮ ಅವಳ ತೋಳು ಬಿಡಲಿಲ್ಲ.

ಆಮೇಲೆ ಎಷ್ಟೋ ದಿನ ಸುದ್ದಿಯಿಲ್ಲ. ಇವಳು ಆಸೆಯನ್ನು ಮಡಚಿಟ್ಟು ಕಚೇರಿಯಲ್ಲಿ ಚರಂಡಿ ಗೆರೆ ಎಳೆಯುತ್ತಿದ್ದಳು. ಔಷಧಿ ಮುಗಿದ ದಿನ ಇಬ್ಬರೂ ಅದೇ ಬೀದಿ ಹಿಡಿದರು. ಮೋರಿಯ ಗೋಡೆ ಬಂತು, ಅತ್ತೆ ಕೂತಳು. ಎಂದಿನಂತೆ ಚೀಲ ಹಿಡಿದು ಇವಳು ನಿಂತೇ ಇದ್ದಳು. ದೊಡ್ಡವಳಾದ ಮೇಲೆ ಇವಳು ಅಲ್ಲಿ ಕೂತವಳೇ ಅಲ್ಲ, ಕೂರುವುದೇನಿದ್ದರೂ ಅತ್ತೆಯ ಪಾಲು. ಆಗ ಫೋನು ಬಂತು.

"ಉಸ್ಸಪ್ಪನವರ ಕಡೆಯವರಾ?" ಅಂತು ಆ ಕಡೆಯ ದನಿ. ಆ ಅಧ್ಯಾಪಕಿಯದು, ಈಗ ಅದರಲ್ಲಿ ನಗುವಿತ್ತು. "ನಿಮಗೆ ಸೀಟು ಸಿಕ್ಕಿದೆ. ಆ ಸೊಟ್ಟ ಗೆರೆಯ ನಕ್ಷೆ ನಮ್ಮ ಹತ್ರಾನೇ ಇದೆ. ಅಲ್ಲಿಂದಲೇ ಶುರು ಮಾಡೋಣ, ಬನ್ನಿ."

ಗೀಚಮ್ಮ ಚೀಲ ಕೆಳಗಿಟ್ಟು ಅತ್ತೆಯ ಪಕ್ಕ ಗೋಡೆಯ ಮೇಲೆ ಕುಸಿದು ಕೂತಳು. ಇಷ್ಟು ವರ್ಷ ಎದೆಯಲ್ಲಿ ಹಿಡಿದಿಟ್ಟಿದ್ದ ಉಸಿರು ತಾನಾಗಿ ಹೊರಗೆ ಬಂತು.

"ಉಸ್ಸಪ್ಪಾ!"

ಅತ್ತೆ ಅವಳ ಮುಖವನ್ನೇ ನೋಡಿದಳು. ಅರ್ಥವಾಯಿತು. ಕಣ್ಣು ತುಂಬಿಕೊಂಡು, ಕೂಸಿನ ದನಿ ಮಾಡಿ ಕೇಳಿದಳು.

"ಬಂತಾ?"

"ಬಂತತ್ತೆ" ಅಂದಳು ಗೀಚಮ್ಮ. "ಬಂತು."