ತಗಡಿನ ಜನಕ್ಕೆ ಕೈ ಕೊಟ್ಟವನು

ಡೆಲ್ಮರ್ ಹಾಸ್ಕಿನ್ಸ್ ನಿಂತರೆ ನಿಂತೇಬಿಡುತ್ತಿದ್ದ. ಬೂಟಿನ ಮೇಲೆ ಓತಿಕೇತ ಹತ್ತಿ, ಮೈ ಕಾಯಿಸಿಕೊಂಡು, ತನ್ನ ಪಾಡಿಗೆ ಇಳಿದುಹೋಗುವಷ್ಟು ಹೊತ್ತು, ಆ ತುಕ್ಕಿನ ಬಣ್ಣದ ಕ್ಯಾನ್ವಾಸ್ ಕೋಟಿನಲ್ಲಿ, ಎಡಭುಜ ತಗ್ಗಿಸಿ, ತಾನು ಕಟ್ಟಿದ ತಗಡಿನ ಮನುಷ್ಯನನ್ನು ಎವೆಯಿಕ್ಕದೆ ದಿಟ್ಟಿಸುವನು. ನಡೆದರೆ ಮಾತ್ರ ಜೇಬಿನ ನಟ್ಟು ಬೋಲ್ಟುಗಳು ಗಲಗಲ ಎನ್ನುತ್ತಿದ್ದವು. ನೆವಾಡಾ ಮರುಭೂಮಿಯ ನಮ್ಮ ಡ್ರೈ ಕೆಟಲ್‌ನ ಅರುವತ್ತೊಂದು ಮಂದಿಯಲ್ಲಿ ಗೆಜ್ಜೆ ಕಟ್ಟಿದ ಗಂಡಸು ಅವನೊಬ್ಬನೇ.

ಹೆದ್ದಾರಿಯ ಅಂಚಿನಲ್ಲಿ ಅವನ ಸೃಷ್ಟಿ ಸಾಲಾಗಿ ನಿಂತಿತ್ತು: ಚಕ್ರದ ಮುಚ್ಚಳದ ಮುಖ, ಸೈಲೆನ್ಸರಿನ ಮುಂಡ, ಹಳೆಯ ಅಂಗಿ, ಒಟ್ಟು ಹದಿನೇಳು ಜೀವ. ಎಲ್ಲರ ಬಲಗೈಯೂ ಮೇಲೆ. ನಮ್ಮಲ್ಲಿ ರಸ್ತೆಬದಿ ಯಾರು ಕೈ ಎತ್ತಿದರೂ ಗಾಡಿ ನಿಲ್ಲಿಸಿ ನೀರು ಕೊಡಬೇಕೆಂಬುದು ಬರೆಯದ ಶಾಸನ. ಹೀಗಾಗಿ ಮೊದಮೊದಲು ನಾವೆಲ್ಲ ಬ್ರೇಕು ಒತ್ತಿ, ತಗಡಿಗೆ ಬಾಟಲಿ ಚಾಚಿ, ಪೆಚ್ಚಾದೆವು. ಹೋಟೆಲಿನ ಲವಾನ್ ಒಮ್ಮೆ ರೇಗಿದಳು.

"ಆ ಕೈಗಳನ್ನ ಇಳಿಸೋ ಮಾರಾಯ! ಮೂರು ಸಲ ಮೋಸ ಹೋದೆ."

"ಕೈ ಇಳಿಸಿದ್ರೆ ಬರೀ ಗುಜರಿ ಕಣಮ್ಮ. ಎತ್ತಿದ್ರೇನೇ ಜನ."

ಕ್ರಮೇಣ ರೂಢಿಯಾಯಿತು. ನಿಲ್ಲಿಸುವುದು ಹೋಗಿ, ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ಪ್ರತಿವಂದನೆ ಸಲ್ಲಿಸುವುದು ಊರಿನ ಸಂಪ್ರದಾಯವಾಯಿತು.

ಜುಲೈ ತಿಂಗಳ ಒಂದು ಮಧ್ಯಾಹ್ನ ಸಾಲಿನ ಕೊನೆಯಲ್ಲಿ ಹದಿನೆಂಟನೆಯದು ಕಂಡಿತು. ಬೆರಳೆತ್ತಿ ಹಾದುಹೋದೆ. ಹೋಟೆಲಿನಲ್ಲಿ ಕೂತು ಸುದ್ದಿ ಬಿತ್ತರಿಸಿದೆ: "ಡೆಲ್ಮರ್ ಈಗ ತನ್ನದೇ ಗೊಂಬೆ ನಿಲ್ಲಿಸಿದಾನೆ. ಮುದುಕನಿಗೆ ಜಂಬ ನೋಡಿ!"

"ನಾನೂ ನೋಡ್ದೆ," ಎಂದಳು ಲವಾನ್. "ಕೋಟೂ ಅವನದೇ ಹಾಕಿದಾನೆ."

ಟಪಾಲಿನ ಎಲ್ಡನ್ ಬಾಯಿಗೆ ಹಿಡಿದ ಲೋಟ ಕೆಳಗಿಟ್ಟ. "ನಂಗೆ ಕೈ ಬೀಸ್ತು ಕಣ್ರೀ."

"ತಗಡು ಹೆಂಗಯ್ಯಾ ಬೀಸುತ್ತೆ?"

ಕೇಳುತ್ತಲೇ ನಾನು ಕುರ್ಚಿ ಬಿಟ್ಟು ಎದ್ದೆ. ಮೂವರೂ ನೀರಿನ ಕ್ಯಾನುಗಳೊಂದಿಗೆ ಓಡಿದೆವು. ತಿರುವಿನಾಚೆ ಅವನ ಟ್ರಕ್ಕು ಕೆಟ್ಟಿತ್ತು. ನಡೆದು ಬಂದವನು ಇಲ್ಲಿ ಸೋತು, ಒಂದು ಕಂಬಕ್ಕೊರಗಿ ಕೈ ಎತ್ತಿದ್ದ. ತಗಡಿಗೆ ಕೈ ಕೊಟ್ಟವನಿಗೆ ನಾವು ಮೂವರೂ ಕೈ ಕೊಟ್ಟಿದ್ದೆವು. ಈಗ ಕುಸಿದು ಕೂತಿದ್ದ. ಅರ್ಧ ಕ್ಯಾನು ಗಂಟಲಿಗಿಳಿದ ಮೇಲೆ, ಒಡೆದ ತುಟಿಗಳಲ್ಲಿ ಅವನು ಕೇಳಿದ್ದು ಒಂದೇ ಪ್ರಶ್ನೆ.

"ನಾನು ಮಾಡಿದ್ದು ಅಂದ್ಕೊಂಡ್ರಾ? ನಿಜ ಹೇಳಿ, ಚೆನ್ನಾಗಿತ್ತಾ ಕೆಲಸ?"

"ಮೂಗು ಸ್ವಲ್ಪ ಸೊಟ್ಟ," ಎಂದು ಲವಾನ್ ಅತ್ತಳು.

ಚೇತರಿಸಿಕೊಂಡ ವಾರವೇ ಸ್ಪ್ಯಾನರು ಹಿಡಿದು ಹೊರಟ. ನಾವು ಬೇಡವೆಂದರೂ ಕೇಳಲಿಲ್ಲ. ಹದಿನೇಳು ಕೈಗಳನ್ನೂ ಒಂದೊಂದಾಗಿ ಇಳಿಸಿದ.

ಯಾರೂ ಕೇಳದೆಯೇ ಯಾವುದೋ ನಿರ್ಜನ ದಾರಿಯಲ್ಲಿ ಏನನ್ನಾದರೂ ಕಟ್ಟುತ್ತ ಕೂರುವ ಇಂಥವರನ್ನು ಲೋಕ ಹುಚ್ಚರೆನ್ನುತ್ತದೆ. ಹೊಗಳಿಕೆಯ ಹಸಿವು ಅವರಿಗಿಲ್ಲವೆಂದಲ್ಲ, ಧಾರಾಳವಾಗಿಯೇ ಇದೆ. ಆದರೆ ದಾರಿಹೋಕನನ್ನು ತಡೆದು ನಿಲ್ಲಿಸುವ ಸನ್ನೆ ಲೋಕದಲ್ಲಿ ಒಂದೇ ಒಂದು ಇರುವಾಗ, ಅದನ್ನು ತಮ್ಮ ಕಲೆಯಿಂದ ಕಿತ್ತು ಬಾಯಾರಿದವನಿಗೆ ಬಿಟ್ಟುಕೊಡಬಲ್ಲವರೂ ಅವರೇ.