ಮನೆ ಬಿಟ್ಟು ಬಂದ ಗೊಂಬೆಗಳು

ಮಗಳು ತೀರಿಕೊಂಡ ಮೇಲೆ ವೆಲ್ಡಾಳಿಗೂ ಮೊಮ್ಮಗಳು ಮಾರ್ನಿಗೂ ಹೆದ್ದಾರಿ ಬದಿಯ ಮೋಟೆಲಿನ ಒಂದು ಕೋಣೆಯೇ ಮನೆಯಾಯಿತು. ಹೆಚ್ಚು ದಿನ ಇರಲು ಬಿಟ್ಟರೆ ಬಾಡಿಗೆದಾರರ ಹಕ್ಕು ಕೇಳಿಯಾರೆಂದು ಮೋಟೆಲಿನವನು ತಿಂಗಳು ತುಂಬುವ ಮೊದಲೇ ಎಲ್ಲರನ್ನೂ ಹೊರಡಿಸಿ, ಮರುದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದ. ಹಾಗಾಗಿ ತಲೆಗೊಂದೇ ಚೀಲ. ಅದರಲ್ಲಿ ಹಿಡಿಯದ್ದು ತಮ್ಮದಲ್ಲ.

ಚರ್ಚಿನಲ್ಲಿ ಕ್ರಿಸ್‌ಮಸ್ಸಿನ ಆಟಿಕೆ ಹಂಚಿದ ದಿನವೂ ಅವರು ಹೀಗೆ ಕೋಣೆ ಖಾಲಿ ಮಾಡಿಕೊಂಡೇ ಬಂದಿದ್ದರು. ಮಾರ್ನಿ ಒಂದು ಗೊಂಬೆಮನೆಯ ಮುಂದೆ ನಿಂತವಳು ಕದಲಲಿಲ್ಲ. ಅದಕ್ಕೆ ಮಹಡಿಯಿತ್ತು, ಮೆಟ್ಟಿಲಿತ್ತು, ಒಳಗೆ ಬೆರಳುದ್ದದ ಅಮ್ಮ, ಮಗು, ಅಜ್ಜಿ ಇದ್ದರು. ಎರಡು ವರ್ಷದಿಂದ ಅವಳು ದೇವರಲ್ಲಿ ಬೇಡುತ್ತಿದ್ದುದು ಇದನ್ನೇ.

"ತಗೋ ಮರಿ, ನಿಂದೇ ಅದು," ಎಂದಳು ಹಂಚುತ್ತಿದ್ದ ಹೆಂಗಸು.

ಮಾರ್ನಿ ಹೆಗಲಿನ ಚೀಲ ಇಳಿಸಿ, ಗೊಂಬೆಮನೆಯ ಪಕ್ಕದಲ್ಲಿಟ್ಟು ಅಳೆದು ನೋಡಿದಳು.

"ನನ್ನ ಚೀಲ ಖಾಲಿ ಮಾಡ್ತೀನಿ ಪುಟ್ಟಿ," ಎಂದಳು ವೆಲ್ಡಾ.

"ನಿನ್ನ ಮಾತ್ರೆ, ಸ್ವೆಟರು ಎಲ್ಲಾ ಎಲ್ಲಿಡ್ತೀಯಜ್ಜಿ, ತಲೆ ಮೇಲಾ?" ಎಂದು ಮಾರ್ನಿ ಆ ಹೆಂಗಸಿನ ಕಡೆ ತಿರುಗಿದಳು. "ಇವ್ರನ್ನಷ್ಟೇ ತಗೊಳ್ಲಾ? ಮನೆ ಬೇಡ."

ಮರುದಿನ ಕೋಣೆಗೆ ಮರಳಿದ ಮೇಲೆ ಅವಳು ಮೂರು ಗೊಂಬೆಗಳನ್ನೂ ಮೇಜಿನ ಖಾನೆಯಲ್ಲಿ, ಮೋಟೆಲಿನ ಬೈಬಲ್ಲಿನ ಪಕ್ಕ ಮಲಗಿಸಿದಳು. ಮೊಮ್ಮಗಳ ಬುದ್ಧಿಗಾಗಿ ವೆಲ್ಡಾ ಮಂಡಿಯೂರಿ ದೇವರಿಗೆ ಕೃತಜ್ಞತೆ ಹೇಳುತ್ತಿದ್ದಳು. ಅಷ್ಟರಲ್ಲಿ ತಾನೇ ದಿನವೂ ಹೇಳುವ ಮಾತು ಖಾನೆಯ ಬಳಿಯಿಂದ ಮಾರ್ನಿಯ ದನಿಯಲ್ಲಿ ಮೆಲ್ಲಗೆ ಕೇಳಿಸಿತು.

"ಬಟ್ಟೆ ಎಲ್ಲಾ ಹೊರಗೆ ತೆಗೀಬೇಡಿ. ಮತ್ತೆ ಹೊರಡ್ಬೇಕು."

ವೆಲ್ಡಾ ಆಮೆನ್ ಎನ್ನದೆಯೇ ಮೇಲೆದ್ದಳು.