ಲಿಫ್ಟು ತೊಳೆದವಳು

ಅರ್ಧ ಬಕೆಟ್ ಸುರಿದು ನೀರನ್ನು ಕಸಬರಿಗೆಯಿಂದ ಹೊರಗೆ ತಳ್ಳುತ್ತಿದ್ದಾಗಲೇ ಬಾಗಿಲ ಮೇಲಿನ ಕೆಂಪು ಅಂಕಿ ಆರಿತು. ಲಿಫ್ಟು ನಿಂತಿತ್ತು. ಗೊಲ್ಲಾಳಮ್ಮ ಗುಂಡಿ ಒತ್ತಿ ನೋಡಿದಳು. ಸದ್ದಿಲ್ಲ.

ಹೆರಿಗೆ ವಾರ್ಡಿನಿಂದ ನರ್ಸ್ ಆಮೀನಾ ಇಣುಕಿದಳು. "ಮತ್ತ ಕೆಟ್ತೇನು? ಅಮಾತೆಪ್ಪಣ್ಣಗ ಫೋನ್ ಹಚ್ಚು..." ಎಂದವಳು ಬಾಯಿಗೆ ಕೈ ಅಡ್ಡ ಹಿಡಿದಳು.

ಅಮಾತೆಪ್ಪನ ಹೆಣ ಆಗಷ್ಟೇ ಇದೇ ಲಿಫ್ಟಿನಲ್ಲಿ ಕೆಳಗಿಳಿದಿತ್ತು. ಹಿಂದಿನ ಸಂಜೆ ಎದೆನೋವೆಂದು ಬಂದವನು ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದ. ಸುರಪುರದ ಈ ದವಾಖಾನೆಗೆ ಲಿಫ್ಟು ಬಂದಾಗಿನಿಂದ ಅದರ ರಿಪೇರಿ ಅವನದೇ.

ಕೆಳಗಿನಿಂದ ಮ್ಯಾನೇಜರ್ ಬಸವಂತ್ರಾಯನ ದನಿ ಏರಿ ಬಂತು: "ಹೋಗೂಮುಂದನೂ ಕೆಡಿಸೇ ಹೋದ ನೋಡ್ರಿ ಪುಣ್ಯಾತ್ಮ!"

*

ಹೆಣ ಹೋದ ಲಿಫ್ಟಿಗೆ ಬಸುರಿಯರು ಕಾಲಿಡುತ್ತಿರಲಿಲ್ಲ. ಕಕ್ಕೇರಾದ ಹುಡುಗಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತಲು ಹೋಗಿ ನಡುವೆಯೇ ಕುಸಿದು ಕೂತದ್ದನ್ನು ನೋಡಿದ ಮೇಲೆ ಗೊಲ್ಲಾಳಮ್ಮ ಹೆಣ ಇಳಿದಾಗಲೆಲ್ಲ ಲಿಫ್ಟು ತೊಳೆಯತೊಡಗಿದಳು. ಒಳಗೆ ನೀರು ಹಾಕಿದರೆ ಕೆಲಸದಿಂದ ತೆಗೆಯುತ್ತೇನೆ ಎಂದು ಬಸವಂತ್ರಾಯ ಮೊದಲೇ ಹೇಳಿದ್ದ. ಅವನ ಕಣ್ಣಿಗೆ ಬೀಳದಿರಲೆಂದೇ ಅವಳು ಲಿಫ್ಟನ್ನು ಮೇಲಿನ ಮಹಡಿಗೆ ತಂದು ತೊಳೆಯುತ್ತಿದ್ದಳು.

ಆ ನೀರು ಹೊಸ್ತಿಲ ಸಂದಿಯಿಂದ ಸೋರಿ ಕೆಳಗಿನ ಬಾಗಿಲ ಸ್ವಿಚ್ಚಿನೊಳಗೆ ಇಳಿಯುತ್ತಿತ್ತು. ಕಂಟ್ರೋಲ್ ಪೆಟ್ಟಿಗೆಯಲ್ಲಿ ಫ್ಯೂಸು ಹಾರಿ ಲಿಫ್ಟು ನಿಲ್ಲುತ್ತಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ಅಮಾತೆಪ್ಪನಿಗೂ ಬಹಳ ದಿನ ಗೊತ್ತಾಗಲಿಲ್ಲ. ಪೆಟ್ಟಿಗೆ ಬಿಚ್ಚಿ ವೈರುಗಳನ್ನೆಲ್ಲ ತಡಕಿದ. ಅವನು ಬರುವಷ್ಟರಲ್ಲಿ ಎಷ್ಟೋ ಸಲ ಸ್ವಿಚ್ಚು ಒಣಗಿರುತ್ತಿತ್ತು. ಹೆಣ ಹೋದಾಗಲೇ ಕೆಡುತ್ತದೆಂದು ಜನ ದೆವ್ವದ ಮಾತಾಡಿದರು.

ಒಂದು ದಿನ ಸ್ವಿಚ್ಚಿನ ಮುಚ್ಚಳ ತೆಗೆದಾಗ ಒಳಗಿನಿಂದ ನೀರು ತೊಟ್ಟಿಕ್ಕಿತು. ಅವನು ಬೆರಳು ಮೂಸಿದ. ಫಿನೈಲು.

"ಗೊಲ್ಲಾಳಕ್ಕಾ, ಮ್ಯಾಲ ನೀರು ಹಾಕಿಯೇನು?"

ಬಸವಂತ್ರಾಯ ಅವನ ಹಿಂದೆಯೇ ನಿಂತಿದ್ದ.

"ಇಲ್ಲೋ ತಮ್ಮಾ. ಒಣ ಅರಿವಿಲೆ ಒರಸ್ತೀನಿ."

ಅಮಾತೆಪ್ಪ ಅವಳ ಮುಖ ನೋಡಿದ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. "ವೈರ್ ಹಳೇವಾಗ್ಯಾವ್ರಿ ಸಾಹೇಬ್ರ," ಎಂದ.

ಹೋಗುವಾಗ ಮೆಟ್ಟಿಲ ಬಳಿ ದನಿ ತಗ್ಗಿಸಿ, "ತೊಳಿಯೂದು ತೊಳಿ ಅಕ್ಕಾ, ಸ್ವಲ್ಪ ಕಡಿಮಿ ಸುರುವು," ಎಂದನಷ್ಟೆ.

ಅವಳು ಕಡಿಮೆ ಸುರಿದಳು. ಅವನು ಸ್ವಿಚ್ಚಿಗೆ ಪ್ಲಾಸ್ಟಿಕ್ ಸುತ್ತಿದ. ನೀರು ಹೇಗೋ ದಾರಿ ಮಾಡಿಕೊಂಡಿತು. ಕರೆದಾಗಲೆಲ್ಲ ಬಂದು, ಒರೆಸಿ, ಫ್ಯೂಸು ಹಾಕಿ, ಎಲ್ಲರೆದುರು ಬೈಸಿಕೊಂಡು ಹೋಗುತ್ತಿದ್ದ. ನಿಜ ಹೇಳಿಬಿಡಬೇಕೆಂದು ಗೊಲ್ಲಾಳಮ್ಮ ಎಷ್ಟೋ ಸಲ ಅಂದುಕೊಂಡಳು. ಕೆಲಸ ಹೋದರೆ ಮತ್ತೆ ಹತ್ತಿ ಬಿಡಿಸುವ ಕೂಲಿ. ಅವಳ ಮೊಣಕಾಲು ಅದನ್ನು ತಡೆಯುವಂತಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ಅವನು ಹೋಗಿಬಿಟ್ಟ.

*

ಮಧ್ಯಾಹ್ನ ರಂಗಂಪೇಟೆಯಾಚೆ, ಕಾಲುವೆಯ ಪಕ್ಕದ ಹೊಲದಲ್ಲಿ ಮಣ್ಣು ಮಾಡಿದರು. ಮಣ್ಣು ಹಾಕಿ ಬಂದ ಬಸವಂತ್ರಾಯ ಕೈ ಕೊಡವುತ್ತ ಪಕ್ಕದವರಿಗೆ ಹೇಳಿದ: "ಮನಷಾ ಚಲೋ ಇದ್ದ. ಕೆಲಸ ಬರ್ತಿರಲಿಲ್ಲ, ಅಷ್ಟ. ನಮ್ಮ ಲಿಫ್ಟ್ ಕಡೀತನಕಾ ಅವನ ಕೈಗಿ ಹತ್ತಲಿಲ್ಲ."

ಅಮಾತೆಪ್ಪನ ಅತ್ತಿಗೆ ಲಾಲಮ್ಮ ತಿರುಗಿ ನೋಡಿದಳು. "ಹೌದ್ರಿ ಸಾಹೇಬ್ರ, ನಿಮ್ಮದು ಬಂಗಾರದ ಲಿಫ್ಟ್. ಅದನ್ನೂ ಹೊತಗೊಂಡು ಬರಬೇಕಿತ್ತು, ಇದ್ರಾಗೇ ಹುಗದು ಬಿಡ್ತಿದ್ದಿವಿ."

ಯಾರೋ ನಕ್ಕು ಕೆಮ್ಮಿ ಮುಚ್ಚಿಕೊಂಡರು. ಅಮಾತೆಪ್ಪನ ಹೆಂಡತಿ ಕರೆಮ್ಮ ನಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಗೊಲ್ಲಾಳಮ್ಮನಿಗೆ ಮಾತ್ರ ಕೇಳುವಂತೆ ಹೇಳಿದಳು:

"ಶಹಾಪುರದ ಹೊಸ ದವಾಖಾನಿ ಲಿಫ್ಟೂ ಇವರಿಗೇ ಕೊಡ್ತೀವಿ ಅಂದಿದ್ರು ಅಕ್ಕಾ. ಸುರಪುರದ್ದೇ ನೆಟ್ಟಗ ಮಾಡಾಕ ಬರದವಗ ಯಾಕ ಕೊಡ್ತೀರಿ ಅಂತ ಯಾರೋ ಹೇಳಿದ್ರಂತ. ನಾನೂ ಅಂದೆ. ಬರಲಿಲ್ಲಂದ್ರ ಬಿಟ್ಟುಬಿಡ್ರಿ, ಯಾಕ ಮರ್ಯಾದಿ ಕಳಕೋತೀರಿ ಅಂದೆ. ನಕ್ಕು ಸುಮ್ಮಾಗ್ತಿದ್ರು." ಆಮೇಲೆ ಕೇಳಿದಳು: "ಖರೇನೇ ಬರ್ತಿರಲಿಲ್ಲೇನು ಅಕ್ಕಾ?"

"ಬರ್ತಿತ್ತವ್ವಾ. ಭಾಳ ಚಲೋ ಬರ್ತಿತ್ತು."

"ಸಮಾಧಾನಕ್ಕ ಹೇಳ್ತಿ," ಎಂದು ಕರೆಮ್ಮ ಮುಖ ಆಚೆ ತಿರುಗಿಸಿದಳು.

ಎಲ್ಲರೂ ಕೈಕಾಲು ತೊಳೆಯಲು ಕಾಲುವೆಗೆ ಇಳಿದರು. ಬಸವಂತ್ರಾಯ ಮೇಲೇರುತ್ತ ಗೊಲ್ಲಾಳಮ್ಮನ ಬಳಿ ನಿಂತ. "ನಾಳಿ ಕಲಬುರಗಿಯಿಂದ ಹೊಸ ಮೆಕ್ಯಾನಿಕ್ ಬರಾಕತ್ತಾನ. ಲಿಫ್ಟ್ ಒರಸಿ ಇಟ್ಟಿರು."

"ಹೂಂರಿ," ಎಂದಳು.

ನೀರು ಹಾಕದಿದ್ದರೆ ಲಿಫ್ಟು ಕೆಡುವುದಿಲ್ಲ. ಹೊಸಬ ಒಂದು ಫ್ಯೂಸು ಹಾಕಿ ಹೋಗುತ್ತಾನೆ. ಅಮಾತೆಪ್ಪನಿಗೆ ಬರದ್ದು ಇವನಿಗೆ ಬಂತು ಎಂದು ಊರೆಲ್ಲ ಹೇಳುತ್ತದೆ. ಅವಳ ಕೆಲಸ ಉಳಿಯುತ್ತದೆ. ಬಾಯಿಬಿಟ್ಟು ಹೇಳಿದರೆ, ಸತ್ತವನ ಮೇಲಿನ ಕನಿಕರ ಎಂದಾರು; ಕರೆಮ್ಮನೇ ನಂಬಲಿಲ್ಲವಲ್ಲ. ಹೊಸಬ ಕೆಳಗೆ ಬಸವಂತ್ರಾಯನ ಪಕ್ಕದಲ್ಲಿ ನಿಂತು ರಿಪೇರಿ ಆಯಿತು ಎನ್ನುವಾಗ ಮೇಲಿನಿಂದ ಬಕೆಟ್ ತುಂಬ ನೀರು ಸುರಿಯಬೇಕು. ಅದು ಸ್ವಿಚ್ಚಿಗೆ ಇಳಿಯುವುದನ್ನು ಇಬ್ಬರೂ ನೋಡಬೇಕು. ಆಮೇಲೆ ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ.

ದಂಡೆ ಜಾರುತ್ತಿತ್ತು. ಗೊಲ್ಲಾಳಮ್ಮ ಕೈ ಚಾಚಿ ಕರೆಮ್ಮನನ್ನು ಮೇಲಕ್ಕೆ ಎಳೆದುಕೊಂಡಳು.

"ನಾಳಿ ಡ್ಯೂಟಿಗಿ ಹೋಗ್ತಿಯೇನಕ್ಕಾ?"

"ನಾಳಿ ಹೋಗ್ತೀನವ್ವಾ."

ಬಸವಂತ್ರಾಯನ ಮೋಟಾರು ಸೈಕಲ್ಲು ಧೂಳೆಬ್ಬಿಸುತ್ತ ಪಕ್ಕದಲ್ಲೇ ಹಾದುಹೋಯಿತು. ಗೊಲ್ಲಾಳಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಕರೆಮ್ಮನ ಮುಖಕ್ಕೆ ಅಡ್ಡ ಹಿಡಿದಳು. ಧೂಳು ಪೂರಾ ಇಳಿಯುವವರೆಗೂ ಹಾಗೆಯೇ ಹಿಡಿದು ನಿಂತಳು.